ಗಫೂರನ ಹುಲ್ಲನ್ನು ಹೊತ್ತೊಯ್ದವರು ಯಾರು?

ಶರತ್‌ಚಂದ್ರರ ‘ಮಹೇಶ್’ ಕಥೆ ಓದಿದವರೆಲ್ಲ ಎತ್ತಿಗಾಗಿ ಅಳ್ತಾರೆ. ನಾವೂ ಅತ್ತವರೇ. ಮತ್ತೆ ಓದಿದಾಗ ಮಾತ್ರ ಹುಲ್ಲಿನ ಮಾತು ಬಂದ ಕಡೆ ನಿಂತುಬಿಟ್ಟೆವು. ಎತ್ತಿಗೆ ಮೇವು ಹಾಕದ ಪಾಪಿ ಅಂತ ತರ್ಕರತ್ನ ಬೈತಾನೆ. ಗಫೂರ ಹೇಳೋದಿಷ್ಟೆ: ಪಾಲಿಗೆ ಬಂದ ಹುಲ್ಲನ್ನೆಲ್ಲ ಹಿಂದಿನ ವರ್ಷದ ಬಾಕಿಗೆ ಧಣಿ ಹಿಡಿದುಕೊಂಡರು. ಕಥೆಗಾರರು ಇದನ್ನು ಹೇಳಿ ಮುಂದೆ ಹೋಗ್ತಾರೆ. ವಿಮರ್ಶಕರೂ ಹಿಂದೆಯೇ ಹೋಗ್ತಾರೆ. ಆಮೇಲೆ ಉಳಿಯೋದು ಮೂಕಪ್ರಾಣಿಯ ಮೇಲಿನ ಮಮತೆ ಒಂದೇ.

ಬಾಕಿಗೆ ಮಾಲು ಹಿಡಿಯುವ ಈ ಅಧಿಕಾರ ಆಕಾಶದಿಂದ ಬಿದ್ದದ್ದಲ್ಲ. ಬಂಗಾಳದಲ್ಲಿ 1793ರಲ್ಲಿ ಕಂಪನಿ ಸರ್ಕಾರ ಖಾಯಂ ಜಮೀನ್ದಾರಿ ಮಾಡಿತು. ಕೋರ್ಟಿನ ಅಪ್ಪಣೆ ಇಲ್ಲದೆಯೇ ರೈತನ ಬೆಳೆ, ಸಾಮಾನು ಜಪ್ತಿ ಮಾಡುವ ಹಕ್ಕನ್ನೂ ಜಮೀನ್ದಾರನ ಕೈಗಿಟ್ಟಿತು. ಉಳುವ ಎತ್ತು, ನೇಗಿಲು, ಬಿತ್ತನೆ ಬೀಜ ಮುಟ್ಟಬಾರದು ಅಂತ ಅದರಲ್ಲೇ ಬರೆದಿತ್ತು. ಎತ್ತು ಬಿಡಬೇಕಂತೆ, ಎತ್ತು ತಿನ್ನುವ ಹುಲ್ಲು ಒಯ್ಯಬಹುದಂತೆ! ಎಂಥ ದಯೆ ನೋಡಿ. 1799ರ ಏಳನೇ ರೆಗ್ಯುಲೇಷನ್ನು ಬಾಕಿದಾರನನ್ನೇ ಹಿಡಿದು ಕೂರಿಸುವಷ್ಟು ಬಲ ಕೊಟ್ಟಿತು. ಜನ ಅದನ್ನು ‘ಹಫ್ತಂ’ ಅಂತ ಕರೆದರು. 1885ರ ಗೇಣಿ ಕಾಯಿದೆ ಬಂದು, ಜಪ್ತಿ ಬೇಕಾದರೆ ಕೋರ್ಟಿಗೆ ಅರ್ಜಿ ಹಾಕು ಎಂದಿತು.

ಶರತ್‌ಚಂದ್ರರ ಕಥೆ ಅದಕ್ಕಿಂತ ಈಚಿನದು. ಆದರೂ ಕಾಶೀಪುರದಲ್ಲಿ ಅರ್ಜಿಯೂ ಇಲ್ಲ, ಅಮೀನನೂ ಇಲ್ಲ. ಹುಲ್ಲು ಹೋಯ್ತು, ಅಷ್ಟೆ. ಕಾಗದದ ಮೇಲೆ ಕಿತ್ತುಕೊಂಡ ಅಧಿಕಾರ ಧಣಿಯ ಕೈಯಲ್ಲಿ ಹಾಗೇ ಉಳಿದಿದೆ. ಕರೆಯಲು ಬಂದ ಪ್ಯಾದೆಗೆ ಗಫೂರ, ಮಹಾರಾಣಿಯ ರಾಜ್ಯದಲ್ಲಿ ಯಾರೂ ಯಾರ ಗುಲಾಮರಲ್ಲ, ಕಂದಾಯ ಕೊಟ್ಟು ಬಾಳ್ತೀನಿ ಅಂತಾನೆ. ಸಿಕ್ಕದ್ದು ಏಟು. ಕಾನೂನನ್ನು ನಂಬಿ ಮಾತಾಡಿದವನು ಇಡೀ ಊರಲ್ಲಿ ಅವನೊಬ್ಬನೇ!

ಅಮೀನಾಳ ನೀರನ್ನೂ ಇದರ ಜೊತೆಗಿಟ್ಟು ಓದಬೇಕು. ಮುಸಲ್ಮಾನರ ಹುಡುಗಿ ದೂರ ನಿಂತು, ಯಾರಾದರೂ ಕನಿಕರಪಟ್ಟು ಕೊಡಕ್ಕೆ ಹುಯ್ದರೆ ಉಂಟು. ಕೇರಿಯ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲನ್ನು ಬಾಕಿ ತಡೆಯಿತು, ನೀರನ್ನು ಮೈಲಿಗೆ ತಡೆಯಿತು. ಮಹೇಶ ಸತ್ತದ್ದು ಈ ಎರಡರ ನಡುವೆ. ಗಫೂರನ ಕೈಯಲ್ಲಿದ್ದ ನೇಗಿಲ ಏಟು ಆಮೇಲಿನದು.

ನಮ್ಮ ತಕರಾರು ಒಂದಿದೆ. ಕೊನೆಯ ರಾತ್ರಿ ಗಫೂರನ ಶಾಪ ಅಲ್ಲಾನ ಹತ್ತಿರ ಹೋಗ್ತದೆ, ಕಚೇರಿಯ ಬಾಗಿಲಿಗೆ ಹೋಗೋದಿಲ್ಲ. ಧಣಿಯ ನಿರ್ದಯೆ ಕಾಣಿಸಿದ ಲೇಖಕರು ಅವನ ಲೆಕ್ಕದ ಪುಸ್ತಕವನ್ನು ಬಿಚ್ಚಲಿಲ್ಲ. ಆದರೆ ಅವರ ಕಣ್ಣು ಸಾಮಾನಿನ ಮೇಲಿಂದ ಕದಲಿಲ್ಲ ಅನ್ನೋದನ್ನು ಒಪ್ಪಲೇಬೇಕು. ಚಟಕಲ್ಲಿನ ದಾರಿ ಹಿಡಿಯುವಾಗ ಅಮೀನಾ ಚೊಂಬು, ಹಿತ್ತಾಳೆ ತಟ್ಟೆ ಎತ್ತಿಕೊಳ್ಳಲು ಹೋಗ್ತಾಳೆ. ಅಪ್ಪ ಬೇಡ ಅಂತಾನೆ. ಮಹೇಶನ ಪ್ರಾಯಶ್ಚಿತ್ತಕ್ಕೆ ಅವು ಬೇಕಾಗ್ತವಂತೆ. ಜಪ್ತಿಗೆ ಪ್ಯಾದೆ ಬರುವ ಮೊದಲೇ ಮನೆ ಖಾಲಿ.