ಗರಸಿನ ರಸ್ತೆಯನ್ನು ಓದುವವರು

ಮೋಟಾರು ಪಂದ್ಯವೆಂದರೆ ಬರೀ ವೇಗ ಎಂದು ತಿಳಿದವರು ರ‍್ಯಾಲಿಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಇಲ್ಲಿ ಕಾರುಗಳನ್ನು ಒಂದಾದ ಮೇಲೊಂದರಂತೆ ಬಿಡುತ್ತಾರೆ. ಎದುರಾಳಿ ಗಡಿಯಾರ, ಅದಕ್ಕಿಂತ ದೊಡ್ಡ ಎದುರಾಳಿ ರಸ್ತೆ.

ಗ್ರೀಸಿನ ಅಕ್ರೊಪೊಲಿಸ್, ಕೀನ್ಯಾದ ಸಫಾರಿಯಂಥ ವಿಶ್ವ ಚಾಂಪಿಯನ್‌ಷಿಪ್ ಸುತ್ತು ಭಾರತಕ್ಕೆ ಬಂದಿಲ್ಲ. ಅದಕ್ಕೆ ನಮ್ಮಲ್ಲಿ ತೀರ ಹತ್ತಿರದ್ದು ಚಿಕ್ಕಮಗಳೂರಿನ ರ‍್ಯಾಲಿ. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತು ಅಲ್ಲಿನ ಕಾಫಿ ತೋಟಗಳಲ್ಲಿ ನಡೆದಿದೆ. 2017ರ ನವೆಂಬರಿನಲ್ಲಿ ಅಲ್ಲಿ ಗೆದ್ದ ಗೌರವ್ ಗಿಲ್, 2013 ಮತ್ತು 2016ರ ನಂತರ ಆ ವರ್ಷ ಮೂರನೇ ಸಲ ಚಾಂಪಿಯನ್ ಆದರು. ಅವರ ಪಕ್ಕದಲ್ಲಿ ಕೂತಿದ್ದ ಸಹಚಾಲಕ, ಬೆಲ್ಜಿಯಂನ ಸ್ಟೀಫನ್ ಪ್ರೆವೊ ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ರ‍್ಯಾಲಿಯ ಜೀವಾಳ ಇರುವುದು ಸಹಚಾಲಕನ ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ. ಪಂದ್ಯಕ್ಕೆ ಮೊದಲು ಇಬ್ಬರೂ ಅದೇ ದಾರಿಯಲ್ಲಿ ನಿಧಾನವಾಗಿ ಹೋಗುತ್ತಾರೆ. ಚಾಲಕ ಹೇಳುತ್ತಾನೆ, ಸಹಚಾಲಕ ಬರೆದುಕೊಳ್ಳುತ್ತಾನೆ. ನೂರು ಮೀಟರ್ ನೇರ, ಬಲಕ್ಕೆ ನಾಲ್ಕು, ದಿಣ್ಣೆ ದಾಟಿ ಎಡಕ್ಕೆ ಎರಡು, ಒಳಗೆ ಕಲ್ಲಿದೆ, ಒತ್ತಬೇಡ. ಸಾಮಾನ್ಯವಾಗಿ ಅಂಕಿ ಸಣ್ಣದಾದಷ್ಟೂ ತಿರುವು ಬಿಗಿ. ಪಂದ್ಯದ ದಿನ ಈ ಬರಹವನ್ನು ಕಾರು ತಿರುವಿಗೆ ಬರುವ ಮೊದಲೇ ಓದಿ ಹೇಳಬೇಕು. ಒಂದು ಸಾಲು ತಪ್ಪಿದರೆ ಕಾರು ಸಿಲ್ವರ್ ಓಕ್ ಮರಕ್ಕೆ ಹೋಗಿ ಬಡಿಯುತ್ತದೆ. ರಸ್ತೆಯೂ ಹಾಗೇ ಉಳಿಯುವುದಿಲ್ಲ. ಒಣ ದಿನ ಮೊದಲ ಕಾರು ಸಡಿಲ ಗರಸನ್ನು ಗುಡಿಸುತ್ತ ಜಾರುತ್ತದೆ, ಹಿಂದೆ ಬಂದವರಿಗೆ ಗಟ್ಟಿ ನೆಲ ಸಿಗುತ್ತದೆ. ಮಳೆಯಾದರೆ ಲೆಕ್ಕ ತಿರುಗುಮುರುಗು: ಹಿಂದಿನವರ ಪಾಲಿಗೆ ಬರೀ ಕೊರಕಲು. ಹೀಗೆ ದಾರಿ ಓದಿ ಹೇಳುವ ಕೆಲಸದಲ್ಲಿ ಪಳಗಿದ ನಮ್ಮವರೊಬ್ಬರಿದ್ದಾರೆ, ಕಾಸರಗೋಡಿನ ಮೂಸಾ ಶರೀಫ್. ಗಿಲ್ ಅವರ ಪಕ್ಕದಲ್ಲೂ ಕೂತು ದಾರಿ ಹೇಳಿದವರು.

ವಿಜಯಪುರ ಜಿಲ್ಲೆಯ ಹಲಸಂಗಿಯವರಾದ ನಮಗೆ ಘಟ್ಟದ ತಿರುವುಗಳು ದೂರ. ನಮ್ಮದು ಗಾಲಿಗೆ ಮೆತ್ತಿಕೊಳ್ಳುವ ಎರೆ ಮಣ್ಣು. ಆದರೆ ಕೇಳಿ ಬರೆದುಕೊಳ್ಳುವ ಕೆಲಸದ ಬೆಲೆ ಈ ಊರಿಗೆ ಚೆನ್ನಾಗಿ ಗೊತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆಯವರು ಹೆಂಗಸರ ಜನಪದ ಹಾಡುಗಳನ್ನು ಹಾಗೆ ಕೇಳಿ ಬರೆದುಕೊಂಡಿದ್ದರಿಂದಲೇ 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಹಾಗಾಗಿ ಪಕ್ಕದ ಸೀಟಿನವನನ್ನು ಮರೆಯುವ ವರದಿಗಾರಿಕೆ ನನಗೆ ಅರ್ಧ ವರದಿಯೆನಿಸುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತಿದ್ದಾಗ ಪಂದ್ಯದ ದಾರಿಗೆ ಬಂದ ಮೋಟಾರ್ ಸೈಕಲ್ಲಿಗೆ ಕಾರು ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಪ್ರತಿ ತಿರುವನ್ನೂ ಬರೆದುಕೊಳ್ಳುವ ಆಟಕ್ಕೆ ಆ ದಾರಿಯಲ್ಲಿ ದಿನವೂ ಓಡಾಡುವವರು ಲೆಕ್ಕಕ್ಕೆ ಸಿಗದೆ ಹೋದರು. ತೋಟದ ಒಳಗೆ ನಡೆಯುವ ಚಿಕ್ಕಮಗಳೂರಿನ ಪಂದ್ಯ ಈ ವಿಷಯದಲ್ಲಿ ಮೇಲು: ಗೇಟು ಹಾಕಿ ದಾರಿ ಕಾಯಬಹುದು. ಆದರೂ ನವೆಂಬರೆಂದರೆ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತು. ತೋಟ ಖಾಲಿ ಇರುವುದಿಲ್ಲ.

ಆಟವಾಗಿ ರ‍್ಯಾಲಿ ಮೊದಲ ದರ್ಜೆಯದು, ಇದರಲ್ಲಿ ನನಗೆ ಸಂಶಯವಿಲ್ಲ. ಏರ್ಪಡಿಸುವವರು ಕಾರು ಬಿಡುವ ಮೊದಲು ತೋಟದ ಕೆಲಸಗಾರರಿರುವ ಕೂಲಿ ಲೈನಿನ ಮನೆಮನೆಗೂ ಹೋಗಿ, ಅವರ ಮಾತಿನಲ್ಲೇ, ಯಾವ ದಾರಿ ಎಷ್ಟು ಹೊತ್ತು ಬಂದ್ ಎಂದು ಹೇಳಿ ಬರಲಿ. ಬರೆಯುವವರು ಗೆದ್ದ ಇಬ್ಬರ ಹೆಸರನ್ನೂ ಒಟ್ಟಿಗೇ ಬರೆಯಲಿ.