ಬುತ್ತಿ, ಓಗರ, ಕೂಳು: ‘ಅನ್ನ’ ಎಂಬ ಒಂದೇ ಅರ್ಥ ಸಾಕೆ?

ಹಳೆಯ ಪಠ್ಯಗಳ ಕೊನೆಗೆ ಕೊಡುವ ಪದಕೋಶಗಳನ್ನು ನೋಡ್ರಿ. ಓಗರ ಅಂದ್ರೆ ಅನ್ನ, ಬೋನ ಅಂದ್ರೆ ಅನ್ನ, ಕೂಳು ಅಂದ್ರೆ ಅನ್ನ, ಬುತ್ತಿ ಅಂದ್ರೂ ಅನ್ನವೇ. ಅರ್ಥ ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ಆ ಊಟ ಯಾರದು, ಯಾರಿಗೆ, ಎಲ್ಲಿಗೆ ಎಂಬ ಸುಳಿವು ಅಳಿಸಿಹೋಗುತ್ತದೆ ಎಂಬುದು ನನ್ನ ವಾದ.

ಮೊದಲು ಬುತ್ತಿ. ಹೊಲಕ್ಕೋ ಜಾತ್ರೆಗೋ ಕಟ್ಟಿಕೊಂಡು ಹೋಗುವ ಊಟ ಬುತ್ತಿ. ಗಂಟಿನೊಳಗೆ ರೊಟ್ಟಿ ಇರಲಿ, ಮೊಸರನ್ನ ಇರಲಿ. ಸಾಂಗಲಿ, ಮಿರಜ, ಕೊಲ್ಲಾಪುರದ ಕಡೆಯ ಮರಾಠಿಯಲ್ಲಿ ಮೊಸರನ್ನಕ್ಕೆ ‘ದಹಿಬುತ್ತಿ’ ಅಂತಾರೆ. ಮನೆಯಲ್ಲೇ ತಾಟಿಗೆ ಬಡಿಸಿದರೂ ಅದು ದಹಿಬುತ್ತಿಯೇ. ಅಲ್ಲಿ ತಿನಿಸು ಉಳಿದು ಪಯಣ ಬಿಟ್ಟುಹೋಗಿದೆ. ನಮ್ಮ ಬರವಣಿಗೆಯಲ್ಲಿ ಇದರ ತಿರುವು: ‘ಪುಣ್ಯದ ಬುತ್ತಿ’, ‘ನೆನಪಿನ ಬುತ್ತಿ’ ಎನ್ನುವಾಗ ಪಯಣ ಉಳಿದು ತಿನಿಸು ಹೋಗಿದೆ. ಗಡಿಭಾಗದ ಪದಗಳ ಮಾತು ಬಂದಾಗ ಯಾರು ಯಾರಿಗೆ ಕೊಟ್ಟರು ಎಂದು ಜಗಳಾಡುತ್ತೇವೆ. ಯಾವ ಅರ್ಥ ಎಲ್ಲಿ ಉಳಿಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಓಗರದ್ದು ಇನ್ನೂ ಸೂಕ್ಷ್ಮ. ವಚನಗಳಲ್ಲಿ ಅರ್ಪಿಸುವ ಮೊದಲು ಅದು ಓಗರ, ಅರ್ಪಿತವಾದ ಮೇಲೆ ಪ್ರಸಾದ. ಓಗರಕ್ಕೆ ‘ಅನ್ನ’ ಎಂದಷ್ಟೇ ಬರೆದರೆ ಈ ಬದಲಾವಣೆ ಓದುಗರಿಗೆ ಕಾಣುವುದೇ ಇಲ್ಲ. ಭೋಜನದಿಂದ ಬಂದ ಬೋನವೂ ಹಾಗೆಯೇ: ತೆಲಂಗಾಣದ ಬೋನಾಲು ಹಬ್ಬದಲ್ಲಿ ಹೆಂಗಸರು ತಲೆಮೇಲೆ ಹೊತ್ತು ದೇವಿಗೆ ಒಯ್ಯುವುದು ಇದನ್ನೇ.

ಕೂಳಿಗೆ ಮಾತ್ರ ಬೈಗುಳ ಅಂಟಿಕೊಂಡಿದೆ. ‘ಕೂಳಿಗೆ ದಂಡ, ಭೂಮಿಗೆ ಭಾರ’ ಅಂತೀವಿ. ಹಳಗನ್ನಡದ ‘ಕೂೞ್’ನಲ್ಲಿ ಈ ತಿರಸ್ಕಾರ ಇರಲೇಬೇಕೆಂದಿಲ್ಲ. ತಮಿಳಿನಲ್ಲಿ ಇದೇ ಪದ ಇಂದಿಗೂ ಗಂಜಿಯ ಹೆಸರು; ಆಡಿ ತಿಂಗಳಲ್ಲಿ ಅಮ್ಮನ ಗುಡಿಗಳಲ್ಲಿ ಅದನ್ನು ಭಕ್ತಿಯಿಂದ ಹಂಚುತ್ತಾರೆ. ಇಂದಿನ ಬೈಗುಳವನ್ನು ಹಳೆಯ ಪಠ್ಯದ ಮೇಲೆ ಹೇರುವುದು ಒಂದು ತೊಂದರೆ. ‘ಅನ್ನ’ ಎಂದು ಬರೆದು ಮರ್ಯಾದೆ ಕೊಟ್ಟೆವು ಎಂದುಕೊಳ್ಳುವುದು ಇನ್ನೊಂದು. ಇಂದಿನ ಓದುಗರಿಗೆ ಅನ್ನವೆಂದರೆ ಅಕ್ಕಿಯದೇ. ಸಾಂಗಲಿ ಜಿಲ್ಲೆಯ ಜತ್ತದಂಥ ಒಣಭೂಮಿಯಲ್ಲಿ ಜೋಳ, ಸಜ್ಜೆಯೇ ದಿನದ ಊಟ. ಅಂಥವರ ತಾಟಿಗೆ ನಮ್ಮ ಪದಕೋಶ ಸದ್ದಿಲ್ಲದೆ ಅಕ್ಕಿ ಬಡಿಸಿಬಿಡುತ್ತದೆ.

ಆದ್ದರಿಂದ ಅರ್ಥದ ಪಕ್ಕದಲ್ಲಿ ಬಳಕೆಯ ಒಂದು ಸಾಲೂ ಇರಬೇಕು: ಯಾರು ಉಂಡದ್ದು, ಯಾವ ಸಂದರ್ಭದ್ದು, ಈಗ ಯಾವ ಊರಲ್ಲಿ ಉಳಿದಿದೆ. ಇದನ್ನು ಚರ್ಚೆಗೆ ಬಿಡುತ್ತೇನೆ.