ಪುಂಡುಗಂದಾಯವನ್ನು ಯಾರು ಕಟ್ಟಬೇಕು?

ಬೇಸಿಗೆ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಗೋಡೆಗಳ ಮೇಲೆ ಬಣ್ಣದ ಪೋಸ್ಟರುಗಳು ಏಳುತ್ತವೆ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’, ‘ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್’. ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಬಹುಮಾನ ಇಷ್ಟು, ಜೊತೆಗೆ ಆಕರ್ಷಕ ಟ್ರೋಫಿ. ಕೆಳಗೆ ದಾನಿಗಳ ಭಾವಚಿತ್ರಗಳು. ಅದಕ್ಕೂ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ತೀರ್ಪುಗಾರರ ತೀರ್ಮಾನವೇ ಅಂತಿಮ. ನಮ್ಮ ಊರುಗಳ ಆಟದ ಸಂವಿಧಾನವೆಲ್ಲ ಈ ಒಂದು ಸಾಲಿನಲ್ಲಿದೆ. ಆದರೆ ಆ ತೀರ್ಮಾನವನ್ನು ಗೆರೆಯ ಹೊರಗೆ ನಿಂತವರು ಒಪ್ಪದಿದ್ದರೆ ಏನು ಗತಿ ಎಂಬುದನ್ನು ಯಾವ ಪೋಸ್ಟರೂ ಹೇಳುವುದಿಲ್ಲ.

ಒಪ್ಪದಿದ್ದಾಗ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲು ಕೂಗು, ಆಮೇಲೆ ಕುರ್ಚಿ, ಆಮೇಲೆ ಕಲ್ಲು. ಮಾರನೆಯ ದಿನ ಪತ್ರಿಕೆಯಲ್ಲಿ ‘ಎರಡು ಗುಂಪುಗಳ ನಡುವೆ ಘರ್ಷಣೆ’ ಎಂಬ ನಾಲ್ಕು ಸಾಲು. ಅದರ ಮಾರನೆಯ ದಿನ ಆಯೋಜಕರು ಯಾವುದೋ ಅಂಗಡಿಯ ಮುಂದೆ ಕುಳಿತು, ‘ಇನ್ನು ಮೇಲೆ ಆ ತಂಡವನ್ನು ಕರೆಯುವುದು ಬೇಡ’ ಎಂದು ತೀರ್ಮಾನಿಸುತ್ತಾರೆ. ಕಲ್ಲು ಎಸೆದವನು ಆ ತಂಡದ ಆಟಗಾರನಲ್ಲ. ಬಹುಶಃ ತಂಡದ ಹುಡುಗರೇ ಜಗಳ ಬಿಡಿಸಲು ಹೋಗಿ ಪೆಟ್ಟು ತಿಂದಿರುತ್ತಾರೆ. ಆದರೂ ಶಿಕ್ಷೆ ತಂಡಕ್ಕೆ. ಇದು ನ್ಯಾಯವೇ? ಅಥವಾ ಇದರಲ್ಲೂ ಒಂದು ನ್ಯಾಯವಿದೆಯೇ? ಈ ಪ್ರಶ್ನೆ ಚಿಕ್ಕದಲ್ಲ. ಯೂರೋಪಿನ ಫುಟ್ಬಾಲ್ ಲೋಕ ನಾಲ್ಕು ದಶಕಗಳಿಂದ ಇದರ ಜೊತೆ ಗುದ್ದಾಡುತ್ತಿದೆ.

1985ರ ಮೇ 29ರಂದು ಬೆಲ್ಜಿಯಂನ ಹೈಸೆಲ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ನಡುವೆ ಯೂರೋಪಿನ ಫೈನಲ್ ಇತ್ತು. ಆಟ ಶುರುವಾಗುವ ಮೊದಲೇ ಲಿವರ್‌ಪೂಲ್ ಬೆಂಬಲಿಗರು ಎದುರಾಳಿಗಳ ಮೇಲೆ ನುಗ್ಗಿದರು. ಹೆದರಿ ಹಿಂದೆ ಸರಿದವರು ಗೋಡೆಗೆ ಒತ್ತಿ ನಿಂತರು, ಗೋಡೆ ಕುಸಿಯಿತು. ಸತ್ತವರು 39 ಮಂದಿ, ಹೆಚ್ಚಿನವರು ಇಟಲಿಯವರು. ಯೂರೋಪಿನ ಫುಟ್ಬಾಲ್ ಸಂಸ್ಥೆ ಯೂಫಾ ಲಿವರ್‌ಪೂಲನ್ನಷ್ಟೇ ಅಲ್ಲ, ಇಂಗ್ಲೆಂಡಿನ ಎಲ್ಲ ಕ್ಲಬ್ಬುಗಳನ್ನೂ ಯೂರೋಪಿನ ಪಂದ್ಯಗಳಿಂದ ಹೊರಹಾಕಿತು. ಉಳಿದ ಕ್ಲಬ್ಬುಗಳಿಗೆ ಐದು ವರ್ಷ, ಲಿವರ್‌ಪೂಲಿಗೆ ಆರು. ಆ ವರ್ಷ ಇಂಗ್ಲೆಂಡಿನ ಲೀಗ್ ಗೆದ್ದಿದ್ದು ಎವರ್ಟನ್. ಹೈಸೆಲ್‌ನಲ್ಲಿ ಎವರ್ಟನ್ನಿನ ಪಾತ್ರ ಏನೂ ಇರಲಿಲ್ಲ. ಆದರೂ ತನ್ನ ಕಾಲದ ಅತ್ಯುತ್ತಮ ತಂಡವೊಂದು ಯೂರೋಪಿನ ಮೈದಾನ ಹತ್ತದೆ ಮನೆಯಲ್ಲೇ ಉಳಿಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. 1989ರಲ್ಲಿ ಬೆಲ್ಜಿಯಂನ ನ್ಯಾಯಾಲಯ 14 ಲಿವರ್‌ಪೂಲ್ ಬೆಂಬಲಿಗರನ್ನು ಹೆಸರು ಹಿಡಿದು ಅಪರಾಧಿಗಳೆಂದಿತು. ಅವರ ಜೊತೆಗೆ ಬೆಲ್ಜಿಯಂನದೇ ಒಬ್ಬ ಫುಟ್ಬಾಲ್ ಅಧಿಕಾರಿಗೂ ಒಬ್ಬ ಪೊಲೀಸ್ ಅಧಿಕಾರಿಗೂ ಶಿಕ್ಷೆ ವಿಧಿಸಿತು. ನುಗ್ಗಿದವರದು ಒಂದು ತಪ್ಪು, ಹಳೆಯ ಶಿಥಿಲ ಕ್ರೀಡಾಂಗಣದಲ್ಲಿ ಜನ ಸೇರಿಸಿ ಸಾಕಷ್ಟು ಪೊಲೀಸರಿಲ್ಲದೆ ಆಟ ಆಡಿಸಿದವರದು ಇನ್ನೊಂದು ತಪ್ಪು. ಯೂಫಾ ಮಾಡಲಾಗದ ಈ ವಿಂಗಡಣೆಯನ್ನು ನ್ಯಾಯಾಲಯ ಮಾಡಿತು.

ಈಗ ಯೂಫಾದ ನಿಯಮ ಸ್ಪಷ್ಟವಾಗಿದೆ. ಬೆಂಬಲಿಗರು ಪಟಾಕಿ ಸಿಡಿಸಲಿ, ಏನನ್ನಾದರೂ ಎಸೆಯಲಿ, ಜನಾಂಗ ಹಿಡಿದು ಬೈಯಲಿ, ಅದಕ್ಕೆ ಕ್ಲಬ್ಬೇ ಹೊಣೆ. ‘ನಾವು ಎಲ್ಲ ಎಚ್ಚರ ವಹಿಸಿದ್ದೆವು’ ಎಂದು ತೋರಿಸಿಕೊಟ್ಟರೂ ಹೊಣೆ ತಪ್ಪುವುದಿಲ್ಲ. ದಂಡ, ಖಾಲಿ ಗ್ಯಾಲರಿಯ ಮುಂದೆ ಆಟ, ಕೊನೆಗೆ ಪಂದ್ಯಾವಳಿಯಿಂದಲೇ ಹೊರಗೆ. ಇದರ ಹಿಂದಿನ ತರ್ಕ ಸರಳ. ಅಭಿಮಾನಿಯ ಟಿಕೆಟ್ಟಿನ ಹಣ, ಅವನ ಅಂಗಿಯ ಮೇಲಿನ ಲಾಂಛನದ ಹಣ, ಅವನ ಕೂಗಿನಿಂದ ಬರುವ ಜಾಹೀರಾತಿನ ಹಣ ಎಲ್ಲವನ್ನೂ ಜೇಬಿಗಿಳಿಸುವ ಕ್ಲಬ್ಬು ಅವನ ಕಲ್ಲನ್ನು ಮಾತ್ರ ನಮ್ಮದಲ್ಲ ಎನ್ನಲಾಗದು. ತರ್ಕ ಬಲವಾಗಿದೆ, ಒಪ್ಪೋಣ.

ಆದರೆ ಗುಂಪಿನ ಮೇಲೆ ತೀರ್ಪು ಕೊಡುವುದು ಎಷ್ಟು ಸುಲಭ, ಎಷ್ಟು ಅಪಾಯಕಾರಿ ಎಂಬುದಕ್ಕೂ ಅದೇ ಲಿವರ್‌ಪೂಲ್ ಸಾಕ್ಷಿ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋದಲ್ಲಿ ಆದ ಕಾಲ್ತುಳಿತಕ್ಕೆ ಬಲಿಯಾದವರ ಸಂಖ್ಯೆ ಮುಂದೆ 97ಕ್ಕೆ ಮುಟ್ಟಿತು. ‘ಕುಡಿದು ಬಂದ ಪುಂಡರು, ತಮ್ಮಿಂದಲೇ ತಾವು ಸತ್ತರು’ ಎಂಬ ಕಥೆಯನ್ನು ಪೊಲೀಸರು ಕಟ್ಟಿದರು, ‘ದಿ ಸನ್’ ಪತ್ರಿಕೆ ಮುಖಪುಟದಲ್ಲಿ ಹಾಕಿತು. ಹೈಸೆಲ್ ಆಗಿ ನಾಲ್ಕು ವರ್ಷವೂ ಆಗಿರಲಿಲ್ಲ. ಲಿವರ್‌ಪೂಲಿನವರು ಎಂದರೆ ನಂಬಲು ಜನ ಸಿದ್ಧರಿದ್ದರು. ಆ ಕಥೆ ಸುಳ್ಳು, ಬೆಂಬಲಿಗರ ನಡವಳಿಕೆ ಈ ಸಾವುಗಳಿಗೆ ಕಾರಣವಲ್ಲ, ಪೊಲೀಸರ ವೈಫಲ್ಯವೇ ಕಾರಣ ಎಂದು ವಿಚಾರಣೆಯ ಜ್ಯೂರಿ ಹೇಳಿದ್ದು 2016ರಲ್ಲಿ. ಸತ್ತ ಮಕ್ಕಳ ತಾಯಂದಿರು 27 ವರ್ಷ ಕಾದರು. ಒಮ್ಮೆ ಒಂದು ಗುಂಪಿಗೆ ‘ಇವರು ಇಂಥವರೇ’ ಎಂಬ ಹಣೆಪಟ್ಟಿ ಬಿದ್ದರೆ, ಮುಂದಿನ ಸಲ ಅವರು ಸತ್ತಾಗಲೂ ಅವರೇ ಅಪರಾಧಿಗಳು. ಈ ಮಾತು ಎಷ್ಟು ನಿಜ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಫುಟ್ಬಾಲಿನ ಕಥೆ ಇನ್ನೂ ವಿಚಿತ್ರ. 1980ರ ಆಗಸ್ಟ್ 16ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಪಂದ್ಯದ ಗಲಭೆಯಲ್ಲಿ 16 ಮಂದಿ ಸತ್ತರು. 2012ರ ಡಿಸೆಂಬರ್ 9ರಂದು ಇದೇ ಎರಡು ತಂಡಗಳ ಪಂದ್ಯದಲ್ಲಿ ಗ್ಯಾಲರಿಯಿಂದ ಬಂದ ಕಲ್ಲು ಮೋಹನ್ ಬಾಗಾನ್ ಆಟಗಾರ ಸೈಯದ್ ರಹೀಂ ನಬಿಯ ಮುಖಕ್ಕೆ ಬಡಿಯಿತು. ಅವರನ್ನು ಆಸ್ಪತ್ರೆಗೆ ಒಯ್ದರು. ವಿರಾಮದ ನಂತರ ಮೋಹನ್ ಬಾಗಾನ್ ಆಡಲು ಒಪ್ಪಲಿಲ್ಲ. ಅದಕ್ಕಾಗಿ ಕ್ಲಬ್ಬಿಗೆ ಐ-ಲೀಗ್‌ನಿಂದ ನಿಷೇಧ ಬಿತ್ತು. ಕೆಲವೇ ದಿನಗಳಲ್ಲಿ ನಿಷೇಧ ಹೋಗಿ 2 ಕೋಟಿ ರೂಪಾಯಿ ದಂಡವೂ ಅಂಕಗಳ ಕಡಿತವೂ ಆಯಿತು. ಶಿಕ್ಷೆಯಾದದ್ದು ಕಲ್ಲಿಗಲ್ಲ, ಕಲ್ಲು ತಿಂದ ಮೇಲೆ ಮೈದಾನ ಬಿಟ್ಟದ್ದಕ್ಕೆ! ಆಟ ನಿಂತರೆ ನಷ್ಟ, ರಕ್ತ ಬಿದ್ದರೆ ನಷ್ಟವಿಲ್ಲ ಎಂದು ಇದರ ಅರ್ಥವಲ್ಲದೆ ಇನ್ನೇನು?

ಇಂಥ ಗಲಭೆಗೆ ನಾವು ಸಾಮಾನ್ಯವಾಗಿ ಕೊಡುವ ಕಾರಣ ನಿರುದ್ಯೋಗ, ಬಡತನ, ಅಶಿಕ್ಷಣ. ಅಮೆರಿಕದ ಪತ್ರಕರ್ತ ಬಿಲ್ ಬ್ಯುಫರ್ಡ್ ಇಂಗ್ಲೆಂಡಿನ ಪುಂಡ ಬೆಂಬಲಿಗರ ಜೊತೆ ವರ್ಷಗಟ್ಟಲೆ ಅಲೆದು ‘ಅಮಂಗ್ ದ ಥಗ್ಸ್’ ಎಂಬ ಪುಸ್ತಕ ಬರೆದರು. ಅವರು ಕಂಡವರಲ್ಲಿ ಅನೇಕರಿಗೆ ಕೆಲಸವಿತ್ತು, ಕೈಯಲ್ಲಿ ಹಣವಿತ್ತು, ಮನೆಮಠವಿತ್ತು. ಹಿಂಸೆ ಅವರಿಗೆ ಹೊಟ್ಟೆಯ ಸಿಟ್ಟಾಗಿರಲಿಲ್ಲ, ಅಮಲಾಗಿತ್ತು. ಗುಂಪಿನಲ್ಲಿ ಕರಗಿಹೋಗುವ ಆ ಸುಖವನ್ನು ಲೇಖಕರು ತಮ್ಮೊಳಗೂ ಕಂಡು ಬೆಚ್ಚುತ್ತಾರೆ. ಅದೇ ಪುಸ್ತಕದ ಬಲ. ಆದರೆ ಆ ಅಮಲಿಗೆ ಹೊರಗಿನಿಂದ ಹೆಂಡ ಹೊಯ್ಯುವವರು ಯಾರು ಎಂಬ ಪ್ರಶ್ನೆಯನ್ನು ಪುಸ್ತಕ ಕೊನೆಯವರೆಗೆ ಹಿಂಬಾಲಿಸುವುದಿಲ್ಲ. ನಮ್ಮಲ್ಲಿ ಆ ಪ್ರಶ್ನೆಯನ್ನು ಬಿಟ್ಟು ಹೋಗುವಂತಿಲ್ಲ.

ಯಾಕೆಂದರೆ ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ ಆದದ್ದು ಬಹಳ ಹಳೆಯ ಮಾತಲ್ಲ. 2021ರ ಫೆಬ್ರವರಿ ಕೊನೆಯಲ್ಲಿ ಅಲ್ಲಿಯ ಕಬಡ್ಡಿ ಪಂದ್ಯಾವಳಿ ಹೊಡೆದಾಟದಲ್ಲಿ ಮುಗಿಯಿತು. ಘೋಷಣೆಗಳ ಮಾತು ಬಂತು, ಎರಡು ಪಕ್ಷಗಳು ಒಂದನ್ನೊಂದು ದೂರಿದವು, ಪೊಲೀಸ್ ಕೇಸುಗಳಾದವು. ಮಾರ್ಚ್ 4ರಂದು ಶಾಸಕ ಬಿ. ಕೆ. ಸಂಗಮೇಶ್ ತಮ್ಮ ಮೇಲೂ ಕುಟುಂಬದ ಮೇಲೂ ಸುಳ್ಳು ಕೇಸು ಹಾಕಲಾಗಿದೆ ಎಂದು ವಿಧಾನಸಭೆಯಲ್ಲಿ ಅಂಗಿ ಬಿಚ್ಚಿ ಪ್ರತಿಭಟಿಸಿದರು, ಸದನದಿಂದ ಅಮಾನತಾದರು. ಯಾರದು ಸರಿ ಯಾರದು ತಪ್ಪು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಮಗೆ ಕಂಡದ್ದು ಇಷ್ಟು: ಊರಿನ ಕಬಡ್ಡಿ ಅಂಕಣದ ಜಗಳ ಕೆಲವೇ ದಿನಗಳಲ್ಲಿ ವಿಧಾನಸೌಧ ಮುಟ್ಟಿತು. ದಾರಿಯಲ್ಲಿ ಕಬಡ್ಡಿ ಎಲ್ಲಿ ಬಿದ್ದುಹೋಯಿತೋ ಯಾರೂ ಕೇಳಲಿಲ್ಲ.

ಇನ್ನು ಕ್ಲಬ್ಬನ್ನು ಶಿಕ್ಷಿಸುವ ಮಾತಿಗೆ ಬರೋಣ. ಕನ್ನಡದಲ್ಲಿ ಇದಕ್ಕೊಂದು ಹಳೆಯ ಶಬ್ದವಿದೆ: ಪುಂಡುಗಂದಾಯ. ಊರಿನಲ್ಲಿ ಗಲಭೆಯಾದರೆ ಹೆಚ್ಚುವರಿ ಪೊಲೀಸರನ್ನು ಕೂರಿಸಿ ಅದರ ಖರ್ಚನ್ನು ಊರವರಿಂದಲೇ ವಸೂಲು ಮಾಡುವ ಅಧಿಕಾರವನ್ನು 1861ರ ಪೊಲೀಸ್ ಕಾಯಿದೆಯೇ ಬ್ರಿಟಿಷರಿಗೆ ಕೊಟ್ಟಿತ್ತು. 1942ರ ಚಳವಳಿಯಲ್ಲಿ ಸಾಮೂಹಿಕ ದಂಡಕ್ಕೆಂದೇ ಸುಗ್ರೀವಾಜ್ಞೆ ಬಂತು. ತಂತಿ ಕಡಿದವನು ಸಿಗಲಿಲ್ಲವೇ, ಇಡೀ ಹಳ್ಳಿ ಕಟ್ಟಲಿ. ಎಷ್ಟೋ ಕಡೆ ಮುಸಲ್ಮಾನರನ್ನು ಆ ದಂಡದಿಂದ ಹೊರಗಿಟ್ಟರು. ಅದು ಮುಸಲ್ಮಾನರ ಮೇಲಿನ ಕರುಣೆಯಾಗಿರಲಿಲ್ಲ, ನೆರೆಮನೆಗಳ ನಡುವೆ ಎಳೆದ ಗೆರೆಯಾಗಿತ್ತು. ಸಾಮೂಹಿಕ ಶಿಕ್ಷೆಯ ಗುಣವೇ ಇದು. ಅದು ಅಪರಾಧಿಯನ್ನು ಹುಡುಕುವ ಕಷ್ಟವನ್ನು ತಪ್ಪಿಸುತ್ತದೆ, ಮತ್ತು ಯಾರು ‘ಅವರು’, ಯಾರು ‘ನಾವು’ ಎಂದು ಹೊಸದಾಗಿ ಬರೆಯುತ್ತದೆ.

ಹಾಗಾದರೆ ಗುಂಪಿಗೆ ಹೊಣೆಯೇ ಇಲ್ಲವೇ? ಇದೆ. ಫಿಖ್ಹಿನ ನಾಲ್ಕು ಪುಟ ಓದಿದವರಿಗೆ ‘ಆಖಿಲಾ’ ಎಂಬ ಪದ ಗೊತ್ತಿರುತ್ತದೆ. ಒಬ್ಬನ ಕೈತಪ್ಪಿನಿಂದ ಇನ್ನೊಬ್ಬನ ಜೀವ ಹೋದರೆ ಸತ್ತವನ ಮನೆಯವರಿಗೆ ಕೊಡಬೇಕಾದ ಪರಿಹಾರ, ಅಂದರೆ ದಿಯತ್, ಕೊಂದವನೊಬ್ಬನ ತಲೆಯ ಮೇಲೆ ಬೀಳುವುದಿಲ್ಲ. ಅವನ ಬಳಗ ಅದನ್ನು ಮೂರು ವರ್ಷಗಳ ಕಂತಿನಲ್ಲಿ ಕಟ್ಟಿಕೊಡುತ್ತದೆ. ಖಲೀಫ ಉಮರ್ ಅವರ ಕಾಲದಲ್ಲಿ ಸೈನಿಕರ ಹೆಸರುಗಳನ್ನು ದೀವಾನ್ ಎಂಬ ದಫ್ತರಿನಲ್ಲಿ ಬರೆದಿಟ್ಟ ಮೇಲೆ, ಒಂದೇ ದಫ್ತರಿನಲ್ಲಿ ಹೆಸರಿರುವವರೇ ಪರಸ್ಪರ ಆಖಿಲಾ ಎಂದು ಹನಫೀ ಪಂಡಿತರು ಹೇಳಿದರು. ಅಂದರೆ ರಕ್ತಸಂಬಂಧವೇ ಬೇಕಿಲ್ಲ, ಒಂದೇ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಅವರು ಕೊಟ್ಟ ಕಾರಣ ಇಂದಿಗೂ ಹೊಸದು: ಯಾರ ಬಲದ ಮೇಲೆ ಅವನು ಅಜಾಗರೂಕನಾದನೋ, ಅವನನ್ನು ತಡೆಯುವ ಶಕ್ತಿ ಯಾರಿಗಿತ್ತೋ, ಅವರೂ ಭಾರ ಹೊರಲಿ. ಆದರೆ ಬೇಕೆಂದೇ ಕೊಂದವನಿಗೆ ಈ ಸೌಲಭ್ಯವಿಲ್ಲ. ಅವನ ಅಪರಾಧ ಅವನದೇ.

ಈ ವಿಂಗಡಣೆಯಲ್ಲಿ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ ಎಂದು ನಮ್ಮ ಭಾವನೆ. ನಿರ್ಲಕ್ಷ್ಯದ ಬೆಲೆಯನ್ನು ಸಂಘ ಕಟ್ಟಲಿ, ಅದೂ ಪೆಟ್ಟು ತಿಂದವನ ಕೈಗೆ. ಕಲ್ಲಿನ ಬೆಲೆಯನ್ನು ಕಲ್ಲು ಎಸೆದವನು ಕಟ್ಟಲಿ. ಯೂಫಾದ ದಂಡದ ಹಣ ಯೂಫಾಕ್ಕೇ ಹೋಗುತ್ತದೆ, ಗಾಯಗೊಂಡವನಿಗಲ್ಲ. ಆಖಿಲಾದ ಹಣ ಸತ್ತವನ ಮನೆಗೆ ಹೋಗುತ್ತಿತ್ತು. ಎರಡಕ್ಕೂ ವ್ಯತ್ಯಾಸ ಇರುವುದು ಅಲ್ಲಿ.

ಉಳಿದ ಅರ್ಧ ನಮ್ಮ ಊರುಗಳ ಸ್ವರೂಪದಲ್ಲಿದೆ. ಇಂಗ್ಲೆಂಡಿನ ಕ್ಲಬ್ಬು ಒಂದು ಕಂಪನಿ. ಕಡೂರಿನ, ಅಜ್ಜಂಪುರದ ತಂಡ ಹೆಚ್ಚಾಗಿ ಒಂದು ಕೇರಿ, ಒಂದು ಬೀದಿ, ಒಂದು ಮೊಹಲ್ಲಾ. ಅದಕ್ಕೆ ಬ್ಯಾಂಕ್ ಖಾತೆ ಇಲ್ಲ, ವಕೀಲರಿಲ್ಲ, ಮೇಲ್ಮನವಿ ಇಲ್ಲ. ಅದನ್ನು ‘ಇನ್ನು ಕರೆಯುವುದು ಬೇಡ’ ಎಂದರೆ ಕ್ಲಬ್ಬನ್ನು ಶಿಕ್ಷಿಸಿದಂತಲ್ಲ, ಒಂದು ಕೇರಿಯನ್ನು ಮೈದಾನದಿಂದ ಹೊರಗೆ ಹಾಕಿದಂತೆ. ಬೇರೆ ಬೇರೆ ಜಾತಿ ಮತಗಳ ಹುಡುಗರು ಒಬ್ಬರ ಬೆವರು ಇನ್ನೊಬ್ಬರಿಗೆ ತಾಗುವಂತೆ ಸೇರುವ ಜಾಗಗಳು ಈಗ ಎಷ್ಟು ಉಳಿದಿವೆ? 1937 ಮತ್ತು 1938ರಲ್ಲಿ ‘ಬೆಂಗಳೂರ್ ಮುಸ್ಲಿಮ್ಸ್’ ಎಂಬ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಹೆಸರಿನಲ್ಲಿ ಮತವಿದ್ದೂ ಅದು ಬೆಂಗಳೂರಿನ ಹೆಮ್ಮೆಯಾಯಿತು, ಯಾಕೆಂದರೆ ಮೈದಾನ ಎಲ್ಲರಿಗೂ ತೆರೆದಿತ್ತು. ಕೇರಿಯ ಹೆಸರಿನ ತಂಡ ಅಪಾಯವಲ್ಲ, ಆ ಕೇರಿಗೆ ಮೈದಾನದ ಬಾಗಿಲು ಮುಚ್ಚುವುದು ಅಪಾಯ.

ಶಿಕ್ಷೆಯಲ್ಲೂ ಕಲ್ಪನೆ ಬೇಕು. ತುರ್ಕಿಯ ಫೆನರ್‌ಬಾಚೆ ಕ್ಲಬ್ಬಿನ ಬೆಂಬಲಿಗರು ಮೈದಾನಕ್ಕೆ ನುಗ್ಗಿದ್ದಕ್ಕೆ ಖಾಲಿ ಕ್ರೀಡಾಂಗಣದಲ್ಲಿ ಆಡಬೇಕಾಗಿತ್ತು. ಅಲ್ಲಿಯ ಫುಟ್ಬಾಲ್ ಸಂಸ್ಥೆ ನಿಯಮ ಬದಲಿಸಿ ಹೆಂಗಸರಿಗೂ ಮಕ್ಕಳಿಗೂ ಉಚಿತ ಪ್ರವೇಶ ಕೊಟ್ಟಿತು. 2011ರ ಸೆಪ್ಟೆಂಬರ್ 20ರಂದು ಇಸ್ತಾಂಬುಲಿನಲ್ಲಿ 41,000ಕ್ಕೂ ಹೆಚ್ಚು ಹೆಂಗಸರು, ಮಕ್ಕಳು ಬಂದು ಕೂತರು. ಆಟಗಾರರು ಅವರತ್ತ ಹೂ ಎಸೆದರು. ಹೆಂಗಸರು ಬಂದು ಕೂರುವುದನ್ನು ‘ಶಿಕ್ಷೆ’ಯ ಖಾತೆಗೆ ಹಾಕಿದ್ದರಲ್ಲೇ ಒಂದು ಅವಮಾನವಿದೆ, ನಿಜ. ಆದರೂ ನಮ್ಮ ಹೊನಲು ಬೆಳಕಿನ ಪಂದ್ಯಗಳಲ್ಲಿ ಹೆಂಗಸರಿಗೆ ಕೂರಲು ಎಷ್ಟು ಜಾಗವಿದೆ ಎಂದು ಆಯೋಜಕರು ಎಣಿಸಿ ನೋಡಲಿ.

ಕೊನೆಯದಾಗಿ ಬೆಂಗಳೂರಿನ ಮಾತು. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ನಡೆದ ಹಿಂಸೆಯಲ್ಲಿ ಒಬ್ಬ ಪೊಲೀಸ್ ಸೇರಿ 8 ಮಂದಿ ಸತ್ತರು. ಅಭಿಮಾನಿಗಳನ್ನು ದೇವರೆಂದು ಕರೆದ ಆ ದೊಡ್ಡ ಮನುಷ್ಯನಿಗೆ ಆ ಕಲ್ಲುಗಳ ಹೊಣೆ ಹೊರಿಸಲು ಯಾರಿಗೂ ಮನಸ್ಸು ಬರಲಿಲ್ಲ, ಬರಬಾರದು ಕೂಡ. 2025ರ ಜೂನ್ 4ರ ಕಥೆ ಬೇರೆ. ಆರ್‌ಸಿಬಿಯ ಗೆಲುವಿನ ಮೆರವಣಿಗೆಯ ಸುದ್ದಿ ಹಬ್ಬಿತು, ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು, 11 ಮಂದಿ ಸತ್ತರು. ಇಲ್ಲಿ ಅಭಿಮಾನಿಗಳು ಯಾರನ್ನೂ ಕೊಲ್ಲಲಿಲ್ಲ, ತಾವೇ ತುಳಿತಕ್ಕೆ ಸಿಕ್ಕರು. ಅಷ್ಟೊಂದು ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣ, ಪೊಲೀಸರ ಬಳಿ ಅಲ್ಲಾದೀನನ ದೀಪವಿಲ್ಲ ಎಂಬರ್ಥದ ಮಾತನ್ನು ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಜುಲೈ 1ರಂದು ಹೇಳಿತು. ದೀಪವಿಲ್ಲ, ಸರಿ. ಆದರೆ ದೀಪವನ್ನು ಉಜ್ಜಿ ಭೂತವನ್ನು ಕರೆದವರು ಇದ್ದರು. ಅವರಲ್ಲಿ ಕ್ಲಬ್ಬು ಒಂದೇ ಅಲ್ಲ, ಅದೇ ದಿನ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸನ್ಮಾನ ಏರ್ಪಡಿಸಿದ ಸರ್ಕಾರವೂ ಇತ್ತು.

ಕನ್ನಡದ ‘ಅಭಿಮಾನ’ ಎಂಬ ಪದಕ್ಕೆ ಪ್ರೀತಿ ಎಂದೂ ಅರ್ಥವಿದೆ, ಗರ್ವ ಎಂದೂ ಇದೆ. ಪ್ರೀತಿಯನ್ನು ಮಾರಿ ಹಣ ಮಾಡುವವರು ಗರ್ವದ ಬಿಲ್ಲನ್ನೂ ಕಟ್ಟಬೇಕು. ದೊಡ್ಡ ಕ್ಲಬ್ಬುಗಳ ವಿಷಯದಲ್ಲಿ ನಮಗೆ ಈ ಬಗ್ಗೆ ಅನುಮಾನವಿಲ್ಲ. ಆದರೆ ಊರಿನ ಸಣ್ಣ ತಂಡಗಳಿಗೆ ಅದೇ ಅಳತೆಗೋಲು ಹಿಡಿಯಬೇಡಿ. ಪಂದ್ಯಕ್ಕೆ ಮುಂಚೆ ಪ್ರತಿ ತಂಡದಿಂದ ಹೊಣೆಯ ಇಬ್ಬರು ಹಿರಿಯರ ಹೆಸರು ಬರೆಸಿಕೊಳ್ಳಿ, ಬಹುಮಾನದ ಹಣದಲ್ಲಿ ಒಂದು ಪಾಲನ್ನು ಗಾಯಾಳುಗಳ ಹೆಸರಿನಲ್ಲಿ ತೆಗೆದಿಡಿ, ಭಾಷಣಕ್ಕೆ ಬರುವ ದಾನಿ ಘೋಷಣೆ ಕೂಗಿಸದಂತೆ ಮೊದಲೇ ಹೇಳಿಬಿಡಿ, ಹೊಡೆದವನನ್ನು ಹೆಸರು ಹಿಡಿದು ಮೈದಾನದಿಂದ ದೂರವಿಡಿ. ಕೇರಿಯನ್ನಲ್ಲ, ಅವನನ್ನು. ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬ ಸಾಲಿನ ಕೆಳಗೆ ಇಷ್ಟನ್ನೂ ಅಚ್ಚು ಹಾಕಿಸಿದರೆ ಪೋಸ್ಟರಿನಲ್ಲಿ ದಾನಿಗಳ ಒಂದೆರಡು ಭಾವಚಿತ್ರಗಳಿಗೆ ಜಾಗ ಕಡಿಮೆಯಾಗಬಹುದು. ಆಗಲಿ.